ಕೆಚ್ಚುವ ಕಿಣ್ವಗಳು



ಕೊಳ್ಳೇಗಾಲದ ಕಡೆಯವರಾದರೆ ಮಗ್ಗದ ಮನೆಯಲ್ಲಿ ಅಚ್ಚು ಕೆಚ್ಚುವುದನ್ನು ನೀವು ನೋಡಿರುತ್ತೀರಿ. ನೋಡದವರಿಗಾಗಿ ಹೇಳುತ್ತೇನೆ. ಹಾಸು ಮುಗಿಯುತ್ತಾ ಬಂದಾಗ ನೇಕಾರರು ಹಳೆಯ ಎಳೆಗಳನ್ನು ಅಚ್ಚಿನಿಂದ ಎಳೆದುಹಾಕುವುದಿಲ್ಲ. ಅಲ್ಲಿ ಉಳಿದಿರುವ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಸರಿಯಾದ ಎಳೆಯನ್ನು ಹಿಡಿದು, ಬೆರಳುಗಳ ನಡುವೆ ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆಗಳು. ಜೋಡಿ ತಪ್ಪಿದರೆ ಸೀರೆಯ ಉದ್ದಕ್ಕೂ ಅಂಚು ತಪ್ಪುತ್ತದೆ. ತುದಿ ಕೈಬಿಟ್ಟರೆ ಹುಡುಕುವುದೇ ಕೆಲಸವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಡಿ.ಎನ್.ಎ. ಕುರಿತ ಕಾರ್ಯಕ್ರಮವೊಂದರಲ್ಲಿ ನಾನು ಒಂದು ಕತ್ತರಿ, ಒಂದು ಗೋಂದಿನ ಬಾಟಲಿ ತೋರಿಸಿ, ಕಿಣ್ವಗಳು ಹೀಗೆಯೇ ಕತ್ತರಿಸಿ ಅಂಟಿಸುತ್ತವೆ ಎಂದುಬಿಟ್ಟೆ. ಯಳಂದೂರಿನ ವಿದ್ಯಾರ್ಥಿನಿಯೊಬ್ಬಳು ಕಾರ್ಡು ಬರೆದು ಕೇಳಿದಳು: “ಸರ್, ಕತ್ತರಿಸಿದ ಮೇಲೆ ಗೋಂದು ತರುವ ತನಕ ತುದಿಗಳನ್ನು ಯಾರು ಹಿಡಿದುಕೊಂಡಿರುತ್ತಾರೆ?” ವಿಜ್ಞಾನ ಓದಿದ ನನಗೆ ಆ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು. ಈ ಮಾತು ಆ ಕಾರ್ಡಿಗೆ ಉತ್ತರ.

ಕತ್ತರಿಯಂಥ ಕಿಣ್ವಗಳು ಇಲ್ಲವೆಂದಲ್ಲ. 2012ರಿಂದ ಹೆಸರಾದ ಕ್ರಿಸ್ಪರ್ ವಿಧಾನದ ಕ್ಯಾಸ್-9 ಕತ್ತರಿಯೇ. ಅದು ಕತ್ತರಿಸುತ್ತದೆ, ಜೋಡಿಸುವ ಕೆಲಸವನ್ನು ಜೀವಕೋಶಕ್ಕೆ ಬಿಡುತ್ತದೆ. ಅವಸರದ ಜೋಡಣೆಯಲ್ಲಿ ಒಂದೆರಡು ಅಕ್ಷರ ಉದುರಿಹೋಗುವುದೂ ಉಂಟು. ಆದರೆ ನಿರ್ದಿಷ್ಟ ಸ್ಥಾನದಲ್ಲಿ ಮರುಜೋಡಣೆ ಮಾಡುವ ರೀಕಾಂಬಿನೇಸ್ ಕಿಣ್ವಗಳ ರೀತಿಯೇ ಬೇರೆ. ಅವು ಕೆಚ್ಚುತ್ತವೆ.

ಬ್ಯಾಕ್ಟೀರಿಯಾಗಳೊಳಗೆ ಹೊಕ್ಕು ಬದುಕುವ ಪಿ-1 ಎಂಬ ವೈರಸ್ಸಿನ ಕ್ರೀ ಕಿಣ್ವವನ್ನೇ ತೆಗೆದುಕೊಳ್ಳಿ. ಅದು ಗುರುತಿಸುವ ವಿಳಾಸದ ಹೆಸರು ಲಾಕ್ಸ್-ಪಿ. ಉದ್ದ 34 ಅಕ್ಷರ: ಆಚೆ ಈಚೆ 13, ನಡುವೆ 8. ಎರಡು ವಿಳಾಸಗಳ ಮೇಲೆ ಒಟ್ಟು ನಾಲ್ಕು ಕ್ರೀ ಅಣುಗಳು ಕುಳಿತು, ಎರಡನ್ನೂ ಪಕ್ಕಪಕ್ಕಕ್ಕೆ ತರುತ್ತವೆ. ಕ್ರೀಯಲ್ಲಿ 343 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ 324ನೆಯದು ಟೈರೋಸಿನ್. ಈ ಟೈರೋಸಿನ್ ಡಿ.ಎನ್.ಎ. ಎಳೆಯ ಒಂದು ಫಾಸ್ಫೇಟಿಗೆ ಕೈ ಹಾಕುತ್ತದೆ. ಎಳೆ ತುಂಡಾಗುತ್ತದೆ, ಆದರೆ ಮುರಿದ ತುದಿ ಅದೇ ಕ್ಷಣದಲ್ಲಿ ಟೈರೋಸಿನ್ನಿಗೇ ರಾಸಾಯನಿಕ ಬಂಧದಿಂದ ಅಂಟಿಕೊಂಡಿರುತ್ತದೆ. ಕಾರ್ಡು ಬರೆದ ಹುಡುಗಿ ಕೇಳಿದ್ದು ಇದನ್ನೇ: ತುದಿಯನ್ನು ಹಿಡಿದಿರುವುದು ಕತ್ತರಿಸಿದ ಕಿಣ್ವವೇ! ಪಕ್ಕದ ವಿಳಾಸದಿಂದ ಬಿಡುಗಡೆಯಾದ ಇನ್ನೊಂದು ತುದಿ ಬಂದು ಆ ಬಂಧವನ್ನು ಬಿಡಿಸಿ ತಾನೇ ಸೇರಿಕೊಳ್ಳುತ್ತದೆ. ಮೊದಲು ಒಂದು ಜೊತೆ ಎಳೆ, ಆಮೇಲೆ ಇನ್ನೊಂದು ಜೊತೆ. ಮುರಿದ ಬಂಧದ ಶಕ್ತಿ ಟೈರೋಸಿನ್ ಬಂಧದಲ್ಲಿ ಉಳಿದಿರುವುದರಿಂದ ಎ.ಟಿ.ಪಿ.ಯನ್ನು ಖರ್ಚು ಮಾಡಬೇಕಿಲ್ಲ. ಒಂದು ಅಕ್ಷರವೂ ಕಳೆಯುವುದಿಲ್ಲ.

ಫಲಿತಾಂಶವೇನು ಎಂಬುದನ್ನು ನೀವೇ ನೋಡಿ. ಒಂದು ಲಾಡಿ ತೆಗೆದುಕೊಂಡು ಅದರ ಮೇಲೆ ಎರಡು ಕಡೆ ಒಂದೇ ದಿಕ್ಕಿಗೆ ಬಾಣ ಬರೆಯಿರಿ. ಬಾಣಗಳು ಅಕ್ಕಪಕ್ಕ ಒಂದೇ ಕಡೆ ಮುಖಮಾಡುವಂತೆ ಲಾಡಿಯನ್ನು ಸುತ್ತಿ, ಎರಡನ್ನೂ ನಡುವೆ ಕತ್ತರಿಸಿ, ತುದಿಗಳನ್ನು ಅದಲುಬದಲು ಮಾಡಿ ಹೊಲಿಯಿರಿ. ನಡುವಿನ ತುಂಡು ಬಳೆಯಾಗಿ ಹೊರಗೆ ಬೀಳುತ್ತದೆ. ಬಾಣಗಳು ಎದುರುಬದುರಾಗಿದ್ದರೆ ನಡುವಿನ ತುಂಡು ಹೊರಗೆ ಬೀಳದೆ ತಿರುಗುಮುರುಗಾಗುತ್ತದೆ. ಲಾಕ್ಸ್-ಪಿಯ ನಡುವಿನ 8 ಅಕ್ಷರಗಳೇ ಈ ಬಾಣ. ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇಂಥದೇ ತಿರುಗುಮುರುಗಿನಿಂದ ತನ್ನ ಕಶಾಂಗದ ಪ್ರೋಟೀನನ್ನು ಬದಲಿಸುತ್ತದೆ. ಅಲ್ಲಿನ ಹಿನ್ ಕಿಣ್ವ ಬೇರೆ ಕುಟುಂಬದ್ದು. ಅದು ಟೈರೋಸಿನ್ ಬದಲು ಸೆರೀನಿನಿಂದ ತುದಿ ಹಿಡಿಯುತ್ತದೆ.

ಇನ್ನು ನಿಮ್ಮ ಊರಿನ ವಿಷಯಕ್ಕೆ ಬರೋಣ. ಹನೂರು, ಯಳಂದೂರು ಕಡೆ ಹುಳು ಸಾಕುವ ಮನೆಯ ಮಕ್ಕಳಿಗೆ ಹಾಲುತೊಂಡೆ ರೋಗವನ್ನು ವಿವರಿಸಬೇಕಿಲ್ಲ. ನಾಲ್ಕನೇ ಜ್ವರ ಎದ್ದು, ಸೊಪ್ಪಿನ ಬಹುಪಾಲನ್ನೆಲ್ಲ ತಿಂದು, ಇನ್ನೇನು ಹಣ್ಣಾಗಬೇಕು ಎನ್ನುವಾಗ ಹುಳು ಊದಿಕೊಂಡು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ. ಚರ್ಮ ಒಡೆದರೆ ಹಾಲಿನಂಥ ರಸ. ಸೊಪ್ಪಿನ ದುಡ್ಡು, ಆಳಿನ ಕೂಲಿ, ರಾತ್ರಿಯ ನಿದ್ದೆ ಎಲ್ಲ ಹೋದ ಮೇಲೆ ಬರುವ ನಷ್ಟವಿದು. ಕಾರಣ ಒಂದು ವೈರಸ್. ಹೈದರಾಬಾದಿನ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದಲ್ಲಿ ಜೆ. ನಾಗರಾಜು ಅವರ ತಂಡ ಈ ವೈರಸ್ಸಿನ ಹಲವು ವಂಶವಾಹಿಗಳನ್ನು ಒಟ್ಟಿಗೇ ಅಡಗಿಸುವ ರೇಷ್ಮೆಹುಳುವನ್ನು ರೂಪಿಸಿತು. 2013ರಲ್ಲಿ ಅದರ ವರದಿ ಪ್ರಕಟವಾಯಿತು.

ಹೊಸ ವಂಶವಾಹಿಯನ್ನು ಹುಳುವಿನೊಳಗೆ ಒಯ್ದದ್ದು ಪಿಗಿಬ್ಯಾಕ್ ಎಂಬ, ಪತಂಗವೊಂದರಲ್ಲಿ ಸಿಕ್ಕ ಜಿಗಿಯುವ ಡಿ.ಎನ್.ಎ. ಅದಕ್ಕೂ ವಿಳಾಸ ಬೇಕು, ಆದರೆ ನಾಲ್ಕೇ ಅಕ್ಷರ: ಟಿ ಟಿ ಎ ಎ. ಲೆಕ್ಕ ಹಾಕಿ. ಅಕ್ಷರಗಳು ನಾಲ್ಕು ಬಗೆ. ನಾಲ್ಕಕ್ಷರದ ಪದ 256 ಕಡೆಗೊಮ್ಮೆ ತಾನಾಗಿ ಬರುತ್ತದೆ. ರೇಷ್ಮೆಹುಳುವಿನ ಡಿ.ಎನ್.ಎ.ಯಲ್ಲಿ ಸುಮಾರು 46 ಕೋಟಿ ಅಕ್ಷರಗಳಿವೆ. ಅಂದರೆ ಹದಿನೆಂಟು ಲಕ್ಷದಷ್ಟು ಬಾಗಿಲುಗಳು! ಯಾವುದರಲ್ಲಿ ಹೊಕ್ಕೀತು, ಹೊಕ್ಕ ಕಡೆ ಹುಳುವಿನ ಯಾವ ಗುಣ ಕೆಟ್ಟೀತು ಎಂದು ಮೊದಲೇ ಹೇಳಲಾಗದು. ಅದೇ 34 ಅಕ್ಷರದ ವಿಳಾಸ ತಾನಾಗಿ ಬರಬೇಕಾದರೆ ಮೂರರ ಮುಂದೆ ಇಪ್ಪತ್ತು ಸೊನ್ನೆ ಬರೆದಷ್ಟು ಅಕ್ಷರಗಳಲ್ಲಿ ಒಮ್ಮೆ. ಹುಳುವಿನಲ್ಲಿ ಅದು ಇರುವ ಸಂಭವವೇ ಇಲ್ಲ. ಆದ್ದರಿಂದ ನಾವೇ ಒಂದನ್ನು ಇಟ್ಟರೆ ಕಿಣ್ವ ಅಲ್ಲಿಗೇ ಹೋಗುತ್ತದೆ.

ಆ ವಿಳಾಸವನ್ನು ಮೊದಲು ಇಡುವುದು ಹೇಗೆ? ಸಾಮಾನ್ಯವಾಗಿ ಪಿಗಿಬ್ಯಾಕಿನಿಂದಲೇ. ಅದೃಷ್ಟವನ್ನು ಪೂರ್ತಿ ಬಿಟ್ಟಂತಾಗಲಿಲ್ಲ ನೋಡಿ. ಒಮ್ಮೆ ಮಾತ್ರ ನಂಬಿ, ಹಲವು ಸಾಲುಗಳಲ್ಲಿ ಆರೋಗ್ಯವಾದ ಒಂದನ್ನು ಆರಿಸಿ, ಮುಂದಿನ ವಂಶವಾಹಿಗಳನ್ನೆಲ್ಲ ಅದೇ ಜಾಗಕ್ಕೆ ಕೆಚ್ಚುವುದು. 2010ರ ದಶಕದಲ್ಲಿ ಜಪಾನ್ ಮತ್ತು ಚೀನಾದ ಪ್ರಯೋಗಾಲಯಗಳು ಇಂಥ ಕಿಣ್ವಗಳನ್ನು ರೇಷ್ಮೆಹುಳುವಿನಲ್ಲಿ ಕೆಲಸ ಮಾಡಿಸಿದವು. ಹಾಗೆಂದು ರೇಷ್ಮೆಮನೆಗೆ ಸೋಂಕುನಿವಾರಕ ಹೊಡೆಯುವುದನ್ನು ಬಿಡಬೇಡಿ ಎಂದು ನಿಮ್ಮ ತಂದೆಯವರಿಗೆ ಹೇಳಿ.

ಹೊಸ ವಂಶವಾಹಿ ಸೇರಿದ ಹುಳುವನ್ನು ಗುರುತಿಸಲು ಅದರ ಜೊತೆಗೆ ಹೊಳೆಯುವ ಪ್ರೋಟೀನಿನ ವಂಶವಾಹಿಯನ್ನೂ ಸೇರಿಸಿರುತ್ತಾರೆ. ತಕ್ಕ ಬೆಳಕು ಬಿಟ್ಟರೆ ಹುಳುವಿನ ಕಣ್ಣು ಹಸಿರಾಗಿ ಹೊಳೆಯುತ್ತದೆ. ಗುರುತು ಹಿಡಿದ ಮೇಲೆ ಅದು ರೈತನಿಗೂ ಬೇಡ, ಹುಳುವಿಗೂ ಬೇಡ. ಅದರ ಎರಡೂ ಕಡೆ ಒಂದೇ ದಿಕ್ಕಿನ ವಿಳಾಸಗಳನ್ನು ಇಟ್ಟಿದ್ದರೆ, ಬ್ರೆಡ್ಡಿಗೆ ಹಾಕುವ ಯೀಸ್ಟಿನಿಂದ ಪಡೆದ ಫ್ಲಿಪ್ ಕಿಣ್ವ ಅದನ್ನು ಬಳೆಯಂತೆ ಬಿಡಿಸಿ ತೆಗೆಯುತ್ತದೆ. ಎಳೆಯಲ್ಲಿ ಉಳಿಯುವುದು ಒಂದೇ ಒಂದು ವಿಳಾಸ. ಮುಂದಿನ ಪೀಳಿಗೆಯ ಹುಳುಗಳಲ್ಲಿ ಯಾವುದರ ಕಣ್ಣು ಹೊಳೆಯುವುದಿಲ್ಲವೋ ಅದನ್ನು ಪ್ರಯೋಗಾಲಯದವರು ಬೇರೆ ತಟ್ಟೆಗೆ ಎತ್ತಿಡುತ್ತಾರೆ.