ಒಂದೇ ಸಂಚಿಯೋ, ಎರಡೋ?
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂದು ನಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲ್ ಫೋನು ಮೂಲತಃ ಎರಡು ಸಾಧನಗಳ ಕೂಡಿಕೆಯಾಗಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಪಾಶ್ಚಾತ್ಯ ದೇಶಗಳಲ್ಲಿ ಮಾತನಾಡಲು ಫೋನೊಂದು, ವಿಳಾಸ, ದಿನಚರಿ, ಟಿಪ್ಪಣಿಗಳಿಗಾಗಿ ಅಂಗೈಯಗಲದ ಗಣಕಯಂತ್ರವೊಂದು ಬೇರೆಬೇರೆಯಾಗಿ ಇದ್ದವು. ಇವೆರಡನ್ನೂ ಕೂಡಿಸಬೇಕೆ, ಬೇರೆಯಾಗಿಯೇ ಇರಿಸಬೇಕೆ ಎಂಬ ಚರ್ಚೆ ಆಗ ನಡೆಯಿತು.

ಕೂಡಿಸುವ ಪ್ರಯತ್ನ ಮೊದಲು ಫಲಿಸಲಿಲ್ಲ. 1994ರಲ್ಲಿ ಮಾರಾಟಕ್ಕೆ ಬಂದ ಐಬಿಎಂ ಸಂಸ್ಥೆಯ 'ಸೈಮನ್' ಅರ್ಧ ಕಿಲೋಗ್ರಾಂ ತೂಗುತ್ತಿತ್ತು. ಒಂದು ಗಂಟೆಯಷ್ಟು ಮಾತನಾಡಿದರೆ ಅದರ ಬ್ಯಾಟರಿ ಮುಗಿಯುತ್ತಿತ್ತು. ಮರುವರ್ಷವೇ ಅದು ಪೇಟೆಯಿಂದ ಮರೆಯಾಯಿತು. 1996ರಲ್ಲಿ ಬಂದ 'ಪಾಮ್ ಪೈಲಟ್' ಫೋನಾಗಿರಲಿಲ್ಲ. ಅದನ್ನು ರೂಪಿಸಿದ ಜೆಫ್ ಹಾಕಿನ್ಸರು ಅದರ ಅಳತೆಯ ಮರದ ತುಂಡೊಂದನ್ನು ಅಂಗಿಯ ಕಿಸೆಯಲ್ಲಿಟ್ಟು ತಿರುಗಾಡಿ ಗಾತ್ರವನ್ನು ಪರೀಕ್ಷಿಸಿದ್ದರು. ಎರಡು ಸಣ್ಣ ಬ್ಯಾಟರಿ ಸೆಲ್ಲುಗಳಿಂದಲೇ ಅದು ವಾರಗಟ್ಟಲೆ ನಡೆಯುತ್ತಿತ್ತು.

ಬೇರೆಯಿರಲಿ ಎಂಬವರ ವಾದ ನ್ಯಾಯವಾಗಿಯೇ ಇತ್ತು. ಮಾತನಾಡಿ ಬ್ಯಾಟರಿ ಮುಗಿದರೆ ದಿನಚರಿಯೂ ಮುಚ್ಚಿಹೋಗುವುದು. ಕಿವಿಗೆ ಹಿಡಿಯುವ ವಸ್ತು ಚಿಕ್ಕದಾಗಿರಬೇಕು, ಓದುವ ವಸ್ತು ಅಗಲವಾಗಿರಬೇಕು. ಒಂದು ಕಳೆದರೆ ಎರಡೂ ಕಳೆದಂತೆ. ಕೂಡಿಸಿರೆಂಬವರು ಹೇಳಿದ್ದಿಷ್ಟೆ: ಒಂದರಲ್ಲಿ ಸಂಖ್ಯೆಯನ್ನು ನೋಡಿ ಇನ್ನೊಂದರಲ್ಲಿ ಒತ್ತುವ ಶ್ರಮವೇಕೆ? ಜನರು ಎರಡನ್ನು ಹೊರಲು ಒಪ್ಪರು. ಕಡೆಗೆ ಗೆದ್ದದ್ದು ಈ ಪಕ್ಷವೇ. ಪ್ರತ್ಯೇಕ ಸಾಧನದಿಂದ ಹೆಸರಾದ ಹಾಕಿನ್ಸರೇ ಕಟ್ಟಿದ ಇನ್ನೊಂದು ಸಂಸ್ಥೆ 2002ರಲ್ಲಿ ಎರಡೂ ಕೂಡಿದ 'ಟ್ರಿಯೊ'ವನ್ನು ಹೊರತಂದಿತು. 2007ರಲ್ಲಿ ಐಫೋನು ಬಂದ ಮೇಲೆ ಬರಿಯ ದಿನಚರಿಯ ಯಂತ್ರಕ್ಕೆ ಕಾಲ ಉಳಿಯಲಿಲ್ಲ.

ಆದರೆ ಸೋತವರ ವಾದ ಸುಳ್ಳಾಗಲಿಲ್ಲ ಎಂಬುದನ್ನು ನಾನು ಸ್ವಾನುಭವದಿಂದ ಬಲ್ಲೆ. ಕಳೆದ ಮಳೆಗಾಲದಲ್ಲಿ ನನ್ನ ಫೋನು ತೋಟದ ಕೆರೆಯ ಪಾಲಾಯಿತು. ಅಂದೇ ಭಾವನವರನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದರು. ಅಕ್ಕನ ಸಂಖ್ಯೆ ನನಗೆ ಬಾಯಿಗೆ ಬಾರದು; ನೆರೆಯವರು ತಮ್ಮ ಫೋನನ್ನು ಕೈಗಿತ್ತರೂ ಯಾವ ಸಂಖ್ಯೆಗೆ ಕರೆಯಲಿ? ಕೊನೆಗೆ ಅಮ್ಮನ ಹಳೆಯ ಲೆಕ್ಕದ ಪುಸ್ತಕದ ಹಿಂಪುಟದಲ್ಲಿ, ಕನ್ನಡ ಅಂಕೆಗಳಲ್ಲಿ, ಅದು ದೊರೆಯಿತು. ಅಮ್ಮ ಬರೆದಿರಿಸದಿದ್ದರೆ ಆ ರಾತ್ರಿ ಅಕ್ಕ ಒಬ್ಬಳೇ ಆಗುತ್ತಿದ್ದಳು.

ನಮ್ಮ ಹಿರಿಯರ ಎಲೆಯಡಿಕೆಯ ಸಂಚಿ ಒಂದೇ. ಆದರೂ ಸುಣ್ಣಕ್ಕೆ ಬೇರೆ ಡಬ್ಬಿ. ಸಾಧನ ಒಂದಾಗಿರಲಿ, ನಾನು ಬೇಡವೆನ್ನೆ. ನೆನಪು ಮಾತ್ರ ಎರಡು ಕಡೆ ಇರಲಿ. ಈ ಊರಿನ ಅನೇಕ ಮನೆಗಳ ಬಂಧುಗಳು ಗಡಿಯ ಆಚೆ ಇದ್ದಾರೆ. ಇಂದು ಮನೆಗೆ ಹೋದೊಡನೆ ಅವರಲ್ಲಿ ಹತ್ತು ಮಂದಿಯ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮಕ್ಕಳ ಕೈಯಿಂದ, ಕನ್ನಡದಲ್ಲಿಯೇ ಬರೆಯಿಸಿರಿ.