ಭೂಗೋಳ ಬರಿಯ ಹೆಸರುಗಳ ಪಟ್ಟಿಯಲ್ಲ

(ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಪ್ರೌಢಶಾಲಾ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಮಗ ಗಣಿತದಲ್ಲಿ ಹಿಂದೆ ಬಿದ್ದರೆ ನೀವು ಶಾಲೆಗೆ ಬಂದು ವಿಚಾರಿಸುತ್ತೀರಿ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದರೆ ಸಾಲಮಾಡಿಯಾದರೂ ಮನೆಪಾಠಕ್ಕೆ ಕಳಿಸುತ್ತೀರಿ. ಭೂಗೋಳದ ಪಾಠ ಹೇಗೆ ನಡೆದಿದೆ ಎಂದು ಕೇಳಲು ಬರುವ ತಂದೆತಾಯಿಗಳು ಮಾತ್ರ ಅಪರೂಪ. ನದಿ, ಪರ್ವತ, ರಾಜಧಾನಿಗಳ ಹೆಸರನ್ನು ಉರುಹೊಡೆಯುವ ವಿಷಯವದು, ಅದರಿಂದ ಹೊಟ್ಟೆ ತುಂಬದು ಎಂಬುದು ಸಾಮಾನ್ಯ ಅಭಿಪ್ರಾಯ. ದುಡಿದು ಬದುಕುವವರ ಮಕ್ಕಳಿಗೆ ಈ ವಿಷಯ ಎಲ್ಲರಿಗಿಂತ ಹೆಚ್ಚು ಅವಶ್ಯ ಎಂದು ಹೇಳುವುದಕ್ಕಾಗಿಯೇ ನಾವು ನಿಮ್ಮೆದುರು ನಿಂತಿದ್ದೇವೆ.

ಮೊದಲು ಶಾಲೆಯ ಸ್ಥಿತಿಯನ್ನು ನೋಡೋಣ. ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ಭೂಗೋಳ ಪ್ರತ್ಯೇಕ ವಿಷಯವಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನಗಳ ಜೊತೆಗೆ ಅದೂ ಸಮಾಜ ವಿಜ್ಞಾನವೆಂಬ ಒಂದೇ ಮೂಟೆಯಲ್ಲಿದೆ. ಪರೀಕ್ಷೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳಗಳನ್ನು ಗುರುತಿಸಬೇಕು. ಹುಡುಗರು ಕೈಯಭ್ಯಾಸದ ಬಲದಿಂದ ಬರೆದುಬಿಡುತ್ತಾರೆ, ಅಂಕವೂ ಸಿಗುತ್ತದೆ. ಆದರೆ ಅದೇ ಹುಡುಗನಿಗೆ ಅವನ ಊರಿನ ನಕ್ಷೆ ಕೊಟ್ಟು ನೋಡಿ, ತನ್ನ ಓಣಿ ಎಲ್ಲಿದೆಯೆಂದು ತೋರಿಸಲು ತಡಕಾಡುತ್ತಾನೆ.

ಒಳ್ಳೆಯ ಪಾಠಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳನ್ನು ಅಳೆಯಿರಿ. ಹುಬ್ಬಳ್ಳಿಯಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ನೆರಳು ಅತಿ ಚಿಕ್ಕದಾಗಿರುವುದಿಲ್ಲ. ಹನ್ನೆರಡೂವರೆಯ ಸುಮಾರಿಗೆ ಆಗುತ್ತದೆ. ಏಕೆ? ನಮ್ಮ ದೇಶದ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82½ ಡಿಗ್ರಿಯ ಲೆಕ್ಕದಲ್ಲಿ. ಹುಬ್ಬಳ್ಳಿ ಇರುವುದು ಸುಮಾರು 75 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಏಳೂವರೆ ಡಿಗ್ರಿಗೆ 30 ನಿಮಿಷ. ಭೂಮಿ ತಿರುಗುತ್ತದೆ ಎಂಬುದನ್ನು ಮಗು ಪುಸ್ತಕದ ಮಾತಿನಿಂದ ನಂಬಬೇಕಾಗಿಲ್ಲ. ತನ್ನ ಕಾಲಬುಡದಲ್ಲಿಯೇ ಅಳೆದು ತಿಳಿಯುತ್ತದೆ.

ಇನ್ನೊಂದು ಪಾಠ ಗಿರಣಿಯವರಿಗೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆಯನ್ನು ಮುಂಬಯಿ ಪೇಟೆಯಲ್ಲಿ ಕುಮಟಾ ಹತ್ತಿ ಎಂದು ಕರೆಯುತ್ತಿದ್ದರು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತದೆಯೇ? ಇಲ್ಲ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಹತ್ತಿ ಕೊಳೆತುಹೋಗುತ್ತದೆ. ಬೆಳೆಯುವುದು ಘಟ್ಟದ ಈಚೆಗೆ, ಮಳೆ ಕಡಿಮೆಯಾದ ಎರೆಹೊಲದಲ್ಲಿ. ಎರೆಮಣ್ಣು ಕುಡಿದ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಆ ಹತ್ತಿ ಬಂಡಿಯೇರಿ ಘಟ್ಟ ಇಳಿದು ಕುಮಟೆ ಬಂದರದಲ್ಲಿ ಹಡಗು ಹತ್ತುತ್ತಿತ್ತು. ಆದುದರಿಂದ ಬೆಳೆದವನ ಊರು ಮರೆಯಾಗಿ ಸಾಗಿಸಿದ ಬಂದರದ ಹೆಸರು ನಿಂತಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾಯಿತು. ಲ್ಯಾಂಕಷೈರಿನ ಗಿರಣಿಗಳ ಕಾರ್ಮಿಕರು ಕೆಲಸವಿಲ್ಲದೆ ಹಸಿದರು. ಇಲ್ಲಿ ಹತ್ತಿಯ ದರ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಅಷ್ಟೇ ಬೇಗ ಕುಸಿಯಿತು. ಮುಂದೆ 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಿತು. ಹತ್ತಿ ಘಟ್ಟ ಇಳಿಯುವುದನ್ನು ಬಿಟ್ಟು ರೈಲು ಹತ್ತಿತು. ಕುಮಟೆಯ ವ್ಯಾಪಾರ ಇಳಿಮುಖವಾಯಿತು. ಮಣ್ಣು, ಮಳೆ, ಘಟ್ಟ, ಬಂದರು, ರೈಲು, ದೂರದೇಶದ ಯುದ್ಧ ಇಷ್ಟೂ ಸೇರಿ ಒಬ್ಬ ಕೂಲಿಯವನ ಸಂಬಳವನ್ನು ಹೇಗೆ ನಿರ್ಣಯಿಸುತ್ತವೆ ಎಂಬುದನ್ನು ತಿಳಿದ ಹುಡುಗ, ನಾಳೆ ಗಿರಣಿ ಮುಚ್ಚಿದರೆ ಅದನ್ನು ಹಣೆಬರಹವೆಂದು ಸುಮ್ಮನಿರುವುದಿಲ್ಲ, ಕಾರಣ ಕೇಳುತ್ತಾನೆ.

ಅಂಗಡಿಕಾರ ಮಿತ್ರರಿಗೆ ಮೂರನೆಯ ಪಾಠ. ರಸ್ತೆ ಅಗಲ ಮಾಡುವ ನಕ್ಷೆ ಬಂದಿದೆ ಎಂದುಕೊಳ್ಳಿ. ಮೂಲೆಯಲ್ಲಿ 1:1000 ಎಂದು ಬರೆದಿದೆ. ಅಂದರೆ ಕಾಗದದ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 10 ಮೀಟರ್. ಗೆರೆ 3 ಮಿಲಿಮೀಟರ್ ಸರಿದರೆ ನೆಲದ ಮೇಲೆ 3 ಮೀಟರ್ ಹೋಯಿತು. ಒಂದು ಸಣ್ಣ ಅಂಗಡಿಯ ಅಗಲವೇ ಅಷ್ಟು! ಅಳತೆಯನ್ನು ಓದಬಲ್ಲ ಮಗಳು ಮನೆಯಲ್ಲಿದ್ದರೆ ಆಕ್ಷೇಪಣೆಯ ಅರ್ಜಿಯನ್ನು ಗಡುವಿನೊಳಗೆ ಬರೆಯಬಹುದು. ಓದಲು ಬಾರದಿದ್ದರೆ ಗೋಡೆ ಕೆಡವಲು ಬಂದ ದಿನವೇ ಸುದ್ದಿ ತಿಳಿಯುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳಿರುತ್ತವೆ. ಅವು ಒತ್ತಾಗಿದ್ದಲ್ಲಿ ಇಳಿಜಾರು ಕಡಿದು, ದೂರ ದೂರವಿದ್ದಲ್ಲಿ ನೆಲ ಸಮತಟ್ಟು. ಮಳೆಯ ನೀರು ಯಾವ ಕಡೆಗೆ ಹರಿಯುವುದೆಂದು ಇದರಿಂದ ತಿಳಿಯುತ್ತದೆ. ಕೆರೆಯಂಗಳದಲ್ಲಿ ಅಗ್ಗದ ನಿವೇಶನ ಮಾರಲು ಬಂದವನಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ನಕ್ಷೆ ಬಹುಕಾಲ ಆಳುವವರ ಕೈಯ ಆಯುಧವಾಗಿತ್ತು. ಟೀಪೂ ಸುಲ್ತಾನ 1799ರಲ್ಲಿ ಮಡಿದ ಬೆನ್ನಿಗೇ ಕಂಪನಿ ಸರಕಾರ ಕಾಲಿನ್ ಮೆಕೆಂಜಿಯನ್ನು ಮೈಸೂರು ಸೀಮೆಯ ಮೋಜಣಿಗೆ ನೇಮಿಸಿತು. ಗೆದ್ದ ನೆಲವನ್ನು ಅಳೆಯದೆ ಕಂದಾಯ ಎತ್ತುವುದು ಸಾಧ್ಯವಿಲ್ಲವೆಂದು ಅವರಿಗೆ ಗೊತ್ತಿತ್ತು. ಆ ವಿದ್ಯೆ ಈಗ ಆಳಿಸಿಕೊಂಡವರ ಮಕ್ಕಳ ಕೈಗೆ ಬರಬೇಕು.

ಆದುದರಿಂದ ನಿಮ್ಮಲ್ಲಿ ನಮ್ಮ ಕೋರಿಕೆ ಇಷ್ಟು. ಶಾಲೆಯ ಪಾಲಕರ ಸಭೆಯಲ್ಲಿ ಭೂಗೋಳದ ಬಗ್ಗೆಯೂ ಕೇಳಿರಿ. ಪ್ರತಿ ತರಗತಿಗೂ ಗೋಡೆ ನಕ್ಷೆ, ತಾಲೂಕಿನ ಸರ್ವೇಕ್ಷಣ ಹಾಳೆ, ವರ್ಷಕ್ಕೆರಡು ಹೊರಸಂಚಾರ ಬೇಕೆಂದು ಒತ್ತಾಯ ಮಾಡಿರಿ. ನಿಮ್ಮ ಗಿರಣಿಗೆ, ಅಡತಿ ಅಂಗಡಿಗೆ ಮಕ್ಕಳು ಬಂದಾಗ ಒಳಗೆ ಕರೆದು, ಮಾಲು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿಸಿರಿ. ನಾವು ಓದಿ ತಿಳಿದದ್ದನ್ನು ನೀವು ಹೊತ್ತು, ತೂಗಿ ತಿಳಿದಿದ್ದೀರಿ. ಎರಡೂ ಕೂಡಿದರೆ ಮಾತ್ರ ಪಾಠ ಪೂರ್ಣವಾಗುತ್ತದೆ.