ಸೆಲೆನಿಯಂ ಮಾತ್ರೆ: ಯಾರಿಗೆ, ಎಷ್ಟು, ಏಕೆ?

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಾಮಾನ್ಯವಾಗಿ ನಾನು ತಮ್ಮ ಮುಂದೆ ಬೀಜ, ಗೊಬ್ಬರ, ಕೀಟಗಳ ವಿಷಯ ಮಾತನಾಡುವವನು. ಇಂದು ಆರೋಗ್ಯದ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ನಾನು ವೈದ್ಯನಲ್ಲ, ವ್ಯವಸಾಯದ ಡಿಪ್ಲೊಮಾ ಓದಿದವನು. ಆದರೂ ಈ ವಿಷಯಕ್ಕೂ ಮಣ್ಣಿಗೂ ನಂಟಿರುವುದರಿಂದ ನಾಲ್ಕು ಮಾತು ಹೇಳಬಯಸುತ್ತೇನೆ. ಥೈರಾಯ್ಡ್ ಕಾಯಿಲೆಯವರು ಸೆಲೆನಿಯಂ ಮಾತ್ರೆ ನುಂಗಿದರೆ ಸುಖವಾಗಿರುತ್ತಾರೆ ಎಂಬ ಮಾತು ಅಲ್ಲಲ್ಲಿ ಹರಡಿದೆ. ಇದರಲ್ಲಿ ನಿಜವೆಷ್ಟು, ಅಪಾಯವೆಷ್ಟು ಎಂಬುದನ್ನು ನೋಡೋಣ.

ನಮ್ಮ ಕತ್ತಿನ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ. ಕೆರೆಯ ತೂಬು ನೀರನ್ನು ಹದವಾಗಿ ಬಿಡುವಂತೆ, ಇದು ತನ್ನ ರಸವನ್ನು ಹದವಾಗಿ ರಕ್ತಕ್ಕೆ ಬಿಡುತ್ತದೆ. ಆ ತೂಬು ಪೂರ್ತಿ ತೆರೆದು ನಿಂತರೆ ಏನಾಗುತ್ತದೆ? ಎದೆ ಡವಡವ ಹೊಡೆಯುತ್ತದೆ, ಕೈ ನಡುಗುತ್ತದೆ, ಬೆವರು ಹರಿಯುತ್ತದೆ. ಹೊಟ್ಟೆ ತುಂಬ ಉಂಡರೂ ಮೈ ಇಳಿಯುತ್ತದೆ. ನಿದ್ದೆ ಬಾರದು, ಸಿಡುಕು ಹೆಚ್ಚುತ್ತದೆ. ಮನೆಯವರು ಇದನ್ನು ದೃಷ್ಟಿ ತಾಗಿದ್ದೆಂದೋ ಚಿಂತೆಯೆಂದೋ ತಿಳಿದು ಸುಮ್ಮನಿರುವುದುಂಟು. ಈ ಅತಿಚುರುಕಿಗೆ ಮುಖ್ಯ ಕಾರಣ ಗ್ರೇವ್ಸ್ ಕಾಯಿಲೆ. ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವಿವರಿಸಿದರು. ಕೆಲವರಲ್ಲಿ ಇದರೊಂದಿಗೆ ಕಣ್ಣುಗಳು ಊದಿ, ಕೆಂಪಾಗಿ, ಮುಂದಕ್ಕೆ ಬರುತ್ತವೆ.

ಇನ್ನು ಸೆಲೆನಿಯಂ ವಿಷಯ. ಇದು ಸತುವಿನಂತೆ ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಖನಿಜ. ಮಣ್ಣಿನಿಂದ ಪೈರಿಗೆ, ಪೈರಿನಿಂದ ನಮಗೆ ಬರುತ್ತದೆ. ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಇದು ಅವಶ್ಯ. ಫಿನ್ಲೆಂಡ್ ದೇಶದ ಮಣ್ಣಿನಲ್ಲಿ ಇದರ ಕೊರತೆಯಿದ್ದುದರಿಂದ 1980ರ ದಶಕದ ಮಧ್ಯಭಾಗದಿಂದ ಅಲ್ಲಿ ರಸಗೊಬ್ಬರದಲ್ಲೇ ಇದನ್ನು ಬೆರೆಸುತ್ತಾರೆ. ಇದಕ್ಕೆ ವಿರುದ್ಧವಾಗಿ ನಮ್ಮದೇ ದೇಶದ ಪಂಜಾಬಿನಲ್ಲಿ, ನವಾನ್‌ಶಹರ ಮತ್ತು ಹೋಶಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಸೆಲೆನಿಯಂ ವಿಪರೀತ. ಅಲ್ಲಿ ಅಂಥ ಮೇವು ತಿಂದ ದನಗಳ ಕೂದಲು ಉದುರಿ, ಗೊರಸು ಬಿರಿದದ್ದುಂಟು. ಆ ನೆಲದ ಧಾನ್ಯ ಉಂಡವರಲ್ಲಿ ಕೂದಲು, ಉಗುರು ಕೆಟ್ಟದ್ದೂ ಉಂಟು. ಕಡಿಮೆಯಾದರೂ ತೊಂದರೆ, ಹೆಚ್ಚಾದರೂ ತೊಂದರೆ ಎಂಬುದು ಇದರಿಂದ ಸ್ಪಷ್ಟ.

ಮಾತ್ರೆಯಿಂದ ಗುಣ ಉಂಟೇ? ಗೊಬ್ಬರ ಹಾಕಿದ ಮಡಿ, ಹಾಕದ ಮಡಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನಾವು ನೋಡುವುದಿಲ್ಲವೇ? ವೈದ್ಯರೂ ಹಾಗೆಯೇ ಕೆಲವರಿಗೆ ಸೆಲೆನಿಯಂ, ಕೆಲವರಿಗೆ ಹುಸಿ ಮಾತ್ರೆ ಕೊಟ್ಟು ಪರೀಕ್ಷಿಸಿದ್ದಾರೆ. ಯೂರೋಪಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಗ್ರೇವ್ಸ್ ಕಾಯಿಲೆಯಿಂದ ಕಣ್ಣಿನ ತೊಂದರೆ ಸೌಮ್ಯವಾಗಿದ್ದವರಿಗೆ ದಿನಕ್ಕೆ ಎರಡು ಸಲ 100 ಮೈಕ್ರೋಗ್ರಾಂನಂತೆ ಆರು ತಿಂಗಳು ಕೊಡಲಾಯಿತು. ಅವರ ಕಣ್ಣು ಸುಧಾರಿಸಿತು, ದಿನಚರಿಯೂ ಹಗುರವಾಯಿತು. ಆದರೆ ಅವರಲ್ಲಿ ಹೆಚ್ಚಿನವರು ಸೆಲೆನಿಯಂ ಕಡಿಮೆಯಿರುವ ಪ್ರದೇಶದವರು ಎಂಬುದನ್ನು ಮರೆಯಬಾರದು. 2017ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ ಗ್ರೇವ್ಸ್ ಕಾಯಿಲೆಯ 70 ಮಂದಿ ಇದ್ದರು. ಥೈರಾಯ್ಡ್ ಔಷಧದೊಡನೆ ಸೆಲೆನಿಯಂ ತೆಗೆದುಕೊಂಡವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಗ್ರಂಥಿಯ ಅತಿಚುರುಕು ಇಳಿಯುವುದರಲ್ಲಾಗಲಿ, ಕಾಯಿಲೆ ಮರುಕಳಿಸುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಣ್ಣಿನ ಸೌಮ್ಯ ತೊಂದರೆಗೆ ವೈದ್ಯರು ಹೇಳಿದರೆ ಇದು ನೆರವಾಗಬಹುದು, ತೂಬನ್ನು ಮುಚ್ಚುವ ಶಕ್ತಿ ಮಾತ್ರ ಇದಕ್ಕಿಲ್ಲ.

ಸತುವಿರುವ ಹೊಲಕ್ಕೆ ಮತ್ತೆ ಸತು ಸುರಿದರೆ ಇಳುವರಿ ಏರುವುದಿಲ್ಲ. ಹಾಗೆಯೇ ಇದು. ವಯಸ್ಕರಿಗೆ ದಿನಕ್ಕೆ ಸುಮಾರು 40ರಿಂದ 55 ಮೈಕ್ರೋಗ್ರಾಂ ಸಾಕು. ಮೀನು, ಮೊಟ್ಟೆ, ಗೋಧಿ, ಬೇಳೆಕಾಳುಗಳಲ್ಲಿ ಇದು ದೊರೆಯುತ್ತದೆ. 2008ರಲ್ಲಿ ಅಮೆರಿಕದಲ್ಲಿ ಒಂದು ದ್ರವ ಟಾನಿಕ್ಕಿನಲ್ಲಿ ಸೆಲೆನಿಯಂ ಇರಬೇಕಾದ್ದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಸೇರಿ, 201 ಮಂದಿ ಭೇದಿ, ನಿತ್ರಾಣ, ಕೂದಲುದುರುವಿಕೆಗಳಿಂದ ನರಳಿದರು.

ಆದ್ದರಿಂದ ಈ ಕೆಳಗಿನ ಮಾತುಗಳನ್ನು ದಯವಿಟ್ಟು ನೆನಪಿನಲ್ಲಿಡಿ:

1. ಮೇಲೆ ಹೇಳಿದ ಲಕ್ಷಣಗಳು ಕಂಡರೆ ಆಸ್ಪತ್ರೆಗೆ ಹೋಗಿ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

2. ವೈದ್ಯರು ಕೊಟ್ಟ ಕಾರ್ಬಿಮಜೋಲ್ ಮುಂತಾದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬೇಡಿ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ನುಂಗಬೇಕಾಗುತ್ತದೆ. ನಡುವೆ ಬಿಟ್ಟರೆ ಹೃದಯದ ಬಡಿತ ತಾಳ ತಪ್ಪಬಹುದು, ಮೂಳೆ ಸವೆಯಬಹುದು.

3. ಆ ಮಾತ್ರೆ ನುಂಗುವಾಗ ಜ್ವರವಾಗಲಿ ಗಂಟಲು ನೋವಾಗಲಿ ಬಂದರೆ ಮುಂದಿನ ಮಾತ್ರೆ ನುಂಗದೆ ಅಂದೇ ವೈದ್ಯರಲ್ಲಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಪರೂಪಕ್ಕೆ ಇದು ರಕ್ತದ ಬಿಳಿಯ ಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದುಂಟು.

4. ಬಸುರಿಯಾದ ಅಥವಾ ಆಗಬಯಸುವ ತಾಯಂದಿರು ಕಾಯಿಲೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

5. ಬೀಡಿ, ಸಿಗರೇಟು ಬಿಡಿ. ಹೊಗೆಯಿಂದ ಕಣ್ಣಿನ ತೊಂದರೆ ಉಲ್ಬಣಿಸುತ್ತದೆ.

6. ಸೆಲೆನಿಯಂ ಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಈಗಾಗಲೇ ನುಂಗುತ್ತಿದ್ದರೆ ಡಬ್ಬಿಯನ್ನೇ ಒಯ್ದು ತೋರಿಸಿ.

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ನಾನು ಸದಾ ಹೇಳುತ್ತೇನೆ. ಮೈಯ ವಿಷಯದಲ್ಲಿಯೂ ನನ್ನ ಸಲಹೆ ಅದೇ. ಕಾಯಿಲೆಯವರ ಮೈ ಮನಸ್ಸು ಮೊದಲಿನಂತಾಗಲು ಕೆಲವು ತಿಂಗಳು ಹಿಡಿಯುತ್ತದೆ. ಅಷ್ಟು ಕಾಲ ಮನೆಯವರು ಅವರ ಸಿಡುಕನ್ನು ಸಹಿಸಿ, ಹೊಲದ ದುಡಿಮೆಯನ್ನು ಹಗುರಮಾಡಿ, ಹೊತ್ತಿಗೆ ಸರಿಯಾಗಿ ಔಷಧ ಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.